ಆಸ್ಪತ್ರೆಗೆ ಹೊರಟ ಗುಬ್ಬಿಕುರ್ವೆ

ಗುಬ್ಬಿಕುರ್ವೆಯಂಥ ದ್ವೀಪ ಏಳು ಸಮುದ್ರದಲ್ಲಿ ಇನ್ನೊಂದಿಲ್ಲ. ಅದು ಹೊರಟರೆ ತಿಮಿಂಗಿಲವೂ ಬದಿಗೆ ಸರಿಯುತ್ತಿತ್ತು. ನಾಗವೇಣಿಯ ಮೂರು ತಿಂಗಳ ಗರ್ಭ ಜಾರಿ ರಕ್ತ ನಿಲ್ಲದಾದಾಗ, ಪದ್ಧತಿಯಂತೆ ಊರೆಲ್ಲ ದಂಡೆಯಲ್ಲಿ ಕೂತು ಹುಟ್ಟು ಹಾಕಿ ದ್ವೀಪವನ್ನೇ ಆಸ್ಪತ್ರೆಯತ್ತ ನಡೆಸಿತು.

“ಅತ್ತೆ, ನಾನು ಗುಟ್ಟಾಗಿ ಹೋಗಿ ಬರ್ತಿದ್ದೆ,” ಎಂದು ಅವಳು ಮುಖ ಮುಚ್ಚಿಕೊಂಡಳು.

“ಗುಟ್ಟಾಗೇ ಹೊರಟದ್ದು ಮಾರಾಯ್ತಿ. ನಾಯಿಗೂ ಬೊಗಳಬೇಡ ಅಂದಿದ್ದೆ,” ಎಂದಳು ಅತ್ತೆ ಮಾಸ್ತಮ್ಮ, ಹುಟ್ಟು ಬಿಡದೆ.

ದ್ವೀಪ ಆಸ್ಪತ್ರೆಯ ಮೆಟ್ಟಿಲಿಗೆ ತಾಗಿದ ಹೊಡೆತಕ್ಕೆ ಡಾಕ್ಟರಮ್ಮನ ಚಹಾ ಚೆಲ್ಲಿತು. ಸಂಜೆಯೊಳಗೆ ರಕ್ತ ನಿಂತಿತು.

“ಜೀವಕ್ಕೆ ಭಯವಿಲ್ಲ. ರಾತ್ರಿ ಇಲ್ಲೇ ಇರಲಿ, ವಾರ ಬಿಟ್ಟು ಮತ್ತೆ ಬನ್ನಿ,” ಎಂದರು ಡಾಕ್ಟರಮ್ಮ.

“ಮತ್ತೆ ಬರೂದೆಂತಕ್ಕೆ? ಹೋದ್ರೆ ಅಲ್ದಾ ಮತ್ತೆ ಬರೂದು?” ಎಂದ ಮಾಸ್ತಮ್ಮ ದ್ವೀಪದ ಹಗ್ಗವನ್ನು ಆಸ್ಪತ್ರೆಯ ಕಂಬಕ್ಕೆ ಬಿಗಿದು, ಗಂಜಿ ಬೇಯಿಸಲು ಮನೆಗೆ ನಡೆದಳು.

ವಾರ್ಡಿನ ಕಿಟಕಿಯಲ್ಲಿ ನಾಗವೇಣಿಗೆ ತನ್ನದೇ ಅಡುಗೆಮನೆಯ ಹೊಗೆ ಕಂಡಿತು.