ಗಿಳಿಯ ಮುಖ ನೋಡದ ನಟ

ಕಂಪ್ಯೂಟರ್ ಬಿಸಿಯಾಗಿ ಧೂಳಿನ ವಾಸನೆ ಬಂದರೆ ಯಾದವಗಿರಿಯ ಅಜ್ಜಿ ಮನೆಯ ಟಿವಿ, ಅದರೊಳಗಿನ ಹಸಿರು ಗಿಳಿ ನೆನಪಾಗುತ್ತದೆ. ಅದು ಕಪ್ಪು ಬಿಳುಪಿನ ಟಿವಿ, ಹಸಿರನ್ನು ನಾನೇ ಬಳಿದಿರಬೇಕು.

ಭಾನುವಾರದ ಬೊಂಬೆ ಕಾರ್ಯಕ್ರಮದಲ್ಲಿ ಹಾಡು, ನಗೆನಾಟಕ ಎಲ್ಲವನ್ನೂ ಆ ಗಿಳಿಯೇ ನಡೆಸಿಕೊಡುತ್ತಿತ್ತು. ಅದು ನಮಸ್ಕಾರ ಎಂದರೆ ನಾನೂ ಕೈಮುಗಿಯುತ್ತಿದ್ದೆ. ಒಂದು ಭಾನುವಾರ ಮಧ್ಯಾಹ್ನ ಒಬ್ಬ ಸಿನಿಮಾ ನಟ ಅತಿಥಿಯಾಗಿ ಬಂದಿದ್ದ. ಗಿಳಿ ಏನು ಕೇಳಿದರೂ ಅವನು ಅದರ ಮುಖ ಬಿಟ್ಟು ಅದು ನಿಂತಿದ್ದ ಮೇಜಿನ ಕೆಳಗೆ ನೋಡುತ್ತ ಉತ್ತರಿಸುತ್ತಿದ್ದ.

"ಪಾಪ, ನಾಚಿಕೆ ಕಣಮ್ಮ ಅವರಿಗೆ," ಎಂದಳು, ಅವನ ಒಂದು ಚಿತ್ರವನ್ನೂ ಬಿಡದ ಚಿಕ್ಕಮ್ಮ.

ಅವರೆಕಾಳು ಹಿಸುಕುತ್ತಿದ್ದ ಅಜ್ಜಿ ನಕ್ಕರು. "ನಾಚಿಕೆ ಎಲ್ಲಿ ಬಂತೇ? ಕೆಳಗೆ ಕೂತು ಬೊಂಬೆ ಆಡಿಸ್ತಾವ್ರಲ್ಲ, ಅವರ ಜೊತೆ ಮಾತಾಡ್ತಾವ್ನೆ ಬುಡು."

"ಮಗು ಮುಂದೆ ಸುಮ್ನಿರಮ್ಮ."

ಚಿಕ್ಕಮ್ಮ ಹಾಗೆ ಗದರಿಸದಿದ್ದರೆ ನಾನು ಅಜ್ಜಿಯನ್ನು ನಂಬುತ್ತಿರಲಿಲ್ಲವೇನೋ. ಎದ್ದು ಹೋಗಿ ಟಿವಿಯ ಕೆಳಗೆ ಬಗ್ಗಿ ನೋಡಿದೆ. ಧೂಳು, ವೈರು, ಒಂದು ಅವರೆ ಸಿಪ್ಪೆ.

"ಯಾರೂ ಇಲ್ಲ, ಬಾ ಇಲ್ಲಿ," ಎಂದಳು ಚಿಕ್ಕಮ್ಮ, ತುಂಬ ಮೆಲ್ಲಗೆ.

ಮುಂದಿನ ಭಾನುವಾರ ಅತಿಥಿ ಇರಲಿಲ್ಲ. ಗಿಳಿ ಎಂದಿನಂತೆ ನನ್ನನ್ನೇ ನೋಡಿ ನಮಸ್ಕಾರ ಎಂದಿತು. ನಾನು ಮೇಜಿನ ಅಂಚಿನ ಕಡೆಗೆ ಕೈಮುಗಿದೆ.