ಗಾರ್ಲಂಡನ ಮುಷ್ಟಿ

"ಹೊಸ ಆಟಗಾರರನ್ನ ಆರಿಸೋದ್ರಲ್ಲಿ ಮುಂದಿನ ಸರದಿ ನಮ್ದು, ಕೋಲ್ಟನ್. ನಿನ್ನ ಹೆಸರು ಹೇಳ್ಲಾ? ಸಂಬಳಕ್ಕೆ ಬೇಸ್‌ಬಾಲ್ ಆಡೋಕೆ ನಮ್ಮ ತಂಡಕ್ಕೆ ಬರ್ತೀಯೋ, ಕಾಲೇಜಿಗೆ ಹೋಗ್ತೀಯೋ? ಒಂದೇ ನಿಮಿಷ ಟೈಮು ಮರಿ," ಎಂದಿತು ಮೇಜಿನ ಮೇಲಿನ ಫೋನಿನಿಂದ ತಂಡದವರ ದನಿ. ಓಕ್ಲಹೋಮದ ಆ ಅಡುಗೆಮನೆಯಲ್ಲಿ ಎಲ್ಲರೂ ಆಯ್ಕೆ ತೋರಿಸುತ್ತಿದ್ದ ಟೀವಿಯ ಮುಂದೆ ಉಸಿರು ಹಿಡಿದು ಕೂತಿದ್ದರು. "ಬೇಗ ಬೊಗಳೋ, ಐಸ್‌ಕ್ರೀಮ್ ಕೇಕ್ ಕರಗ್ತಿದೆ," ಅಂದಳು ಅಕ್ಕ ಮಾರ್ಲಿ.

ಹದಿನೆಂಟರ ಕೋಲ್ಟನ್ ಅಪ್ಪನ ಕಡೆ ನೋಡಿದ. ನಿರ್ಧಾರ ನಿಂದು, ನಾನು ತುಟಿ ಬಿಚ್ಚಲ್ಲ ಎಂದು ಗಾರ್ಲಂಡ್ ಮಗನಿಗೆ ಮಾತು ಕೊಟ್ಟಿದ್ದ. ಒಳಗೊಳಗೇ ಮಾತ್ರ, ಬರ್ತೀನಿ ಅನ್ನು, ಬರ್ತೀನಿ ಅನ್ನು ಎಂದು ಜಪಿಸುತ್ತಿದ್ದ. ಆಸೆಗೆ ಕೈ ನಡುಗತೊಡಗಿತು. ಮಗನಿಗೆ ಅದು ಕಾಣದಿರಲೆಂದು ತೊಡೆಯ ಮೇಲೆ ಬಿಗಿಯಾಗಿ ಮುಷ್ಟಿ ಕಟ್ಟಿದ.

ಕೋಲ್ಟನ್ನನ ಮುಖ ಒಂದು ಕ್ಷಣ ಬಾಡಿತು. "ಇಲ್ಲ ಸರ್, ಕಾಲೇಜಿಗೇ ಹೋಗ್ತೀನಿ," ಎಂದು ಫೋನು ಕಟ್ ಮಾಡಿಬಿಟ್ಟ.

"ಯಾಕೋ?" ಗಾರ್ಲಂಡನ ದನಿ ಒಡೆಯಿತು.

"ನೀನೇ ಸನ್ನೆ ಮಾಡಿದ್ಯಲ್ಲಪ್ಪಾ! ಹಿತ್ತಲಲ್ಲಿ ನಾನು ಚೆಂಡು ಎಸೆಯೋವಾಗ ನೀನು ಅದನ್ನ ಹಿಡಿಯೋ ಕ್ಯಾಚರ್ ಆಗಿ ಕುಕ್ಕರುಗಾಲಲ್ಲಿ ಕೂತು ಹೇಳಿಕೊಟ್ಟಿದ್ದು ಅದೇ ತಾನೆ? ತೊಡೆ ಮೇಲೆ ಮುಷ್ಟಿ ಅಂದ್ರೆ ಎಸೀಬೇಡ, ತಡಿ ಅಂತ. ನಂಗೇನೋ ಹೋಗೋ ಆಸೆ ತುಂಬಾ ಇತ್ತು. ಆದ್ರೆ ನನ್ನ ಆರನೇ ವಯಸ್ಸಿಂದ ನಿನ್ನ ಸನ್ನೆ ಒಂದು ಸಲಾನೂ ತಪ್ಪಾಗಿಲ್ಲ."

ನಿಜ ಹೇಳಲು ಗಾರ್ಲಂಡ್ ಬಾಯಿ ತೆರೆದ. ಅಷ್ಟರಲ್ಲಿ ಟೀವಿಯವರು ಅದೇ ತಂಡದ ಸರದಿಗೆ ಬೇರೆ ಯಾರೋ ಹುಡುಗನ ಹೆಸರು ಓದಿದರು.

"ಒಳ್ಳೇದು ಮಾಡ್ದೆ ಮಗಾ," ಎಂದ.