ಜಾಲಿ ಕಡ್ಡಿ

ಖಟ್ ಅಂತ ಸ್ಟಾರ್ಟರ್ ಮತ್ತ ಬಿತ್ತು. ಅಣ್ಣಿಗೇರಿ ಹತ್ತಿ ಜಿನ್ನಿನ ಮೋಟಾರ್ ಮತ್ತ ಸುಮ್ಮನಾತು. ಮೋಟಾರ್ ನಡಸೂ ಪ್ರಭಂಜನ ಸ್ಟಾರ್ಟರಿನ ಕರೀ ಡಬ್ಬಿ ಮುಂದ ಎದಿ ಉಬ್ಬಿಸಿ ನಿಂತ. "ಲೇ ಖಳನಾಯಕಾ! ಈ ಪ್ರಭಂಜನ ಇರೂತನಕಾ ನಿನ್ನ ಆಟ ನಡಿಯೂದಿಲ್ಲ!" ಸಂಜಿಯೊಳಗ ಅಷ್ಟೂ ಹತ್ತಿ ಮುಗಿಸ್ತೀನಂತ ಮಾಲಕರ ಮುಂದ ಮೀಸಿ ತಿರುವಿ ಬಂದಿದ್ದ. ಈಗ ಮೋಟಾರ್ ಚಾಲೂ ಮಾಡೂ ಹಸಿರು ಗುಂಡಿ ಹೊರಗ ಬರದಂಗ ಒತ್ತಿ ಸಿಗಿಸಾಕ ಜಾಲಿ ಕಡ್ಡಿ ಕೆತ್ತಿ ತಂದಿದ್ದ.

"ಹೀರೋ, ಸಾವಕಾಶ ಒದರಪಾ! ನನ್ನ ಕೂಸು ಏಳ್ತೈತಿ," ಅಂದ್ಲು ಹತ್ತಿ ಹಾಕೂ ಖಾದರಬಿ. ಅಕಿ ಮಗಳು ಗ್ವಾಡಿ ಬಾಜು ಹತ್ತಿ ರಾಶಿ ಮ್ಯಾಲ ಮಲಗಿತ್ತು.

ಕಡ್ಡಿ ಇನ್ನೇನು ಗುಂಡಿಗೆ ತಾಗಬೇಕು, ಸುಟ್ಟ ರಬ್ಬರಿನ ವಾಸನಿ ಮೂಗಿಗೆ ಬಡೀತು. ಪ್ರಭಂಜನ ತಿರುಗಿ ನೋಡಿದ. ಗ್ವಾಡಿಗುಂಟ ಹೋದ ಹಳೇ ವಾಯರಿನ ಸಿಪ್ಪಿ ಕರಗಿ, ಕೂಸಿನ ಕಾಲಿಂದ ಒಂದ ಗೇಣು ದೂರದಾಗ ಸಣ್ಣಗ ಹೊಗಿ ಏಳಾಕತ್ತಿತ್ತು. ಹಸಿ ಹತ್ತಿ ಸಿಕ್ಕು ಮೋಟಾರ್ ಹೆಚ್ಚಿಗಿ ಕರೆಂಟ್ ಎಳದಾಗೆಲ್ಲಾ ಆ ಡಬ್ಬೀನ ಖಟ್ ಅಂತ ಕರೆಂಟ್ ಕಡದಿತ್ತು. ಕಡ್ಡಿ ಸಿಗಿಸಿದ್ದರ ಇಷ್ಟೊತ್ತಿಗೆ ರಾಶಿಗೆ ಬೆಂಕಿ!

ಖಾದರಬಿ ಓಡಿಬಂದು ಕೂಸನ್ನ ಎದಿಗೆ ಅವಚಿಕೊಂಡ್ಲು. ಪ್ರಭಂಜನ ಕಡ್ಡಿ ಮುರದು ಒಗದ. ದೀಪಾವಳಿ ಪೂಜಿಗೆ ಮೋಟಾರಿಗೆ ಹಾಕಿದ್ದ ಚೆಂಡುಹೂವಿನ ಮಾಲಿ ಬಿಚ್ಚಿ, ಯಾರೂ ಒಂದು ಬೊಟ್ಟು ಕುಂಕುಮಾನೂ ಹಚ್ಚದ ಆ ಡಬ್ಬಿಗೆ ಹಾಕಿ, ಕೈ ಮುಗದ.

"'ಲೇ' ಅಂದದ್ದು ಹೊಟ್ಯಾಗ ಹಾಕ್ಕೋರಿ. ಹೀರೋ ನೀವರೀ."